ವಿಲೋ ತೋಟದ ವಿದ್ಯೆ

ವಿಲೋ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಕ್ರಿಕೆಟ್ ಬ್ಯಾಟು. ಆದರೆ ಬ್ಯಾಟಿನ ವಿಲೋ ಬೇರೆ, ಬುಟ್ಟಿಯ ವಿಲೋ ಬೇರೆ. ಮೊದಲನೆಯದು ಹದಿನೈದು ಇಪ್ಪತ್ತು ವರ್ಷ ನಿಂತು ಮರವಾಗಬೇಕು; ಎರಡನೆಯದನ್ನು ಮರವಾಗಲು ಬಿಡುವುದೇ ಇಲ್ಲ. ಪ್ರತಿವರ್ಷವೂ ಅದನ್ನು ಬುಡಕ್ಕೆ ಕೊಯ್ದು, ಮತ್ತೆ ಚಿಗುರುವ ನೀಳವಾದ ಕಡ್ಡಿಗಳನ್ನು ಬೆಳೆಯಾಗಿ ಪಡೆಯುವರು. ಇಂಗ್ಲೆಂಡಿನ ನೈಋತ್ಯದಲ್ಲಿರುವ ಸಾಮರ್‌ಸೆಟ್ ಪ್ರಾಂತದ ತಗ್ಗುನೆಲಗಳು ಈ ಕೃಷಿಗೆ ಹೆಸರಾದುವು. ಪ್ಯಾರೆಟ್, ಟೋನ್ ನದಿಗಳ ನೀರು ಚಳಿಗಾಲದಲ್ಲಿ ಅಲ್ಲಿ ಹರಡಿ ನಿಲ್ಲುತ್ತದೆ. ಇತರ ಪೈರುಗಳಿಗೆ ಹಾನಿಯಾಗುವ ಆ ತೇವವೇ ವಿಲೋವಿಗೆ ಅನುಕೂಲ.

ಇಂತಹ ತೋಟದಲ್ಲಿ ಹೊಸಬನು ಮೊದಲು ಕಲಿಯುವ ಪಾಠ ನೆಡುವುದು. ಬೀಜ ಬೇಕಿಲ್ಲ. ಸುಮಾರು ಒಂದಡಿ ಉದ್ದದ ಕಡ್ಡಿಯನ್ನು ವಸಂತಾರಂಭದಲ್ಲಿ ನೆಲಕ್ಕೆ ಚುಚ್ಚಿದರೆ ಅದು ಬೇರು ಬಿಡುತ್ತದೆ. ಸಾಲುಗಳು ಒತ್ತಾಗಿರಬೇಕು, ಬೆಳಕಿಗಾಗಿ ಪೈಪೋಟಿಯಾದಾಗ ಮಾತ್ರ ಕಡ್ಡಿಯು ಕವಲೊಡೆಯದೆ ನೆಟ್ಟಗೆ ಆರೆಂಟು ಅಡಿ ಏರುವುದು. ಚಿಗುರಿನ ತುದಿ ಹಿಮಕ್ಕೆ ಸಿಕ್ಕಿ ಕರಗಿದರೆ ಪಕ್ಕದಿಂದ ಕವಲುಗಳು ಹೊರಡುತ್ತವೆ; ಕವಲೊಡೆದ ಕಡ್ಡಿ ಹೆಣಿಗೆಗೆ ಬಾರದು. ಆದುದರಿಂದ ಹಿಂದಿನ ರೈತರು ವಸಂತದಲ್ಲಿ ದನಗಳನ್ನು ತೋಟಕ್ಕೆ ಬಿಟ್ಟು ಮೊದಲ ಚಿಗುರನ್ನು ಮೇಯಿಸುತ್ತಿದ್ದರು. ಹಿಮದ ಭಯ ಕಳೆದ ಮೇಲೆ ಬರುವ ಎರಡನೆಯ ಚಿಗುರೇ ಅವರ ಬೆಳೆ.

ಎಲೆಯುದುರಿದ ಮೇಲೆ ಕೊಯ್ಲು. ಬಾಗಿ ನಿಂತು, ಕುಡುಗೋಲನ್ನು ಬುಡಕ್ಕೆ ಸೇರಿಸಿ ಕೊಯ್ಯಬೇಕು. ಮೋಟು ಉಳಿದರೆ ಮುಂದಿನ ವರ್ಷದ ಕಡ್ಡಿ ಬುಡದಲ್ಲಿ ಡೊಂಕಾಗುವುದು. ಹೀಗೆ ಇಂದಿನ ಅಜಾಗರೂಕತೆಯ ಫಲ ಒಂದು ವರ್ಷದ ತರುವಾಯ ಕಾಣಿಸಿಕೊಳ್ಳುತ್ತದೆ. ಈ ವಿದ್ಯೆ ನಿಧಾನವಾಗಿ ಬರುವುದಕ್ಕೆ ಇದೇ ಕಾರಣ.

ಕೊಯ್ದ ಕಡ್ಡಿಗೆ ಮೂರು ಗತಿ. ತೊಗಟೆಯೊಡನೆ ಒಣಗಿಸಿದರೆ ಕಂದು ಕಡ್ಡಿ. ಕೆಲವು ಅಂಗುಲ ನೀರಿನಲ್ಲಿ ನಿಲ್ಲಿಸಿಟ್ಟು, ವಸಂತದಲ್ಲಿ ರಸವೇರಿದಾಗ ಸುಲಿದರೆ ಬಿಳಿಯ ಕಡ್ಡಿ. ಹಲವು ಗಂಟೆಗಳ ಕಾಲ ಕುದಿಸಿ ಸುಲಿದರೆ, ತೊಗಟೆಯ ಒಗರು ಒಳಗಿಳಿದು, ಕೆಂಪು ಛಾಯೆಯ ಹೊಂಬಣ್ಣ ಬರುವುದು.

ಎರಡನೆಯ ಮಹಾಯುದ್ಧದಲ್ಲಿ ವಿಮಾನದಿಂದ ಸಾಮಗ್ರಿಯನ್ನು ಇಳಿಬಿಡಲು ಈ ಬುಟ್ಟಿಗಳು ಬೇಕಾದುವು. ಅನಂತರ ಪ್ಲಾಸ್ಟಿಕ್ ಬಂದಿತು; ತೋಟಗಳು ಒಂದೊಂದಾಗಿ ಅಳಿದುವು. 1819ರಲ್ಲಿ ಕೋಟ್ ಮನೆತನದವರು ಸ್ಟೋಕ್ ಸೇಂಟ್ ಗ್ರೆಗೊರಿಯಲ್ಲಿ ಆರಂಭಿಸಿದಂತಹ ಕೆಲವೇ ಉದ್ಯಮಗಳು ಚಿತ್ರಕಾರರ ಇದ್ದಿಲನ್ನೂ ತಯಾರಿಸಿ ಬಾಳಿದುವು. ಬ್ರಿಸ್ಟಲ್ ಬಳಿಯ ಲಾಂಗ್ ಆಷ್ಟನ್ ಸಂಶೋಧನಾ ಕೇಂದ್ರವು 2003ರಲ್ಲಿ ಮುಚ್ಚಿತು. ಆದರೆ ಅಲ್ಲಿ ಕೂಡಿಸಿದ್ದ ವಿಲೋ ತಳಿಗಳು ರಾಥಮ್‌ಸ್ಟೆಡ್‌ನಲ್ಲಿ ಉಳಿದಿವೆ.

ಗಿಡವನ್ನು ಹೀಗೆ ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸಬಹುದು. ಒಂದಡಿ ಕಡ್ಡಿ ಸಾಕು. ಕೈಯ ತಿಳಿವಳಿಕೆಯನ್ನು ಹಾಗೆ ಸಾಗಿಸಲಾಗದು. ಯಾವ ಕಡ್ಡಿ ಬಾಗುವುದು, ಯಾವುದು ಮುರಿಯುವುದು ಎಂಬುದನ್ನು ಪುಸ್ತಕವು ಹೇಳಬಲ್ಲುದೇ ಹೊರತು ಬೆರಳಿಗೆ ಕಲಿಸಲಾರದು. ಬಲ್ಲವನ ಪಕ್ಕದಲ್ಲಿ ಕೆಲವು ಚಳಿಗಾಲ ನಿಂತು ಕೊಯ್ದವನಿಗೆ ಮಾತ್ರ ಅದು ದಕ್ಕುವುದು. ವಿದ್ಯೆಯೆಂದರೆ ಓದು ಎಂದೇ ಭಾವಿಸಿರುವ ನಾವು, ಕೊಯ್ಲಿನ ಒಂದು ತಲೆಮಾರು ತಪ್ಪಿದರೆ ಏನು ಹೋಗುವುದೆಂಬುದನ್ನು ಸ್ವಲ್ಪ ಯೋಚಿಸುವುದು ಒಳ್ಳೆಯದು.