ಯಾವ ತಂಡ ಹೋಗಬೇಕು? ಆಯ್ಕೆಯ ನಿಯಮವನ್ನು ತರಗತಿಯಲ್ಲಿ ಪರೀಕ್ಷಿಸುವ ಬಗೆ

ಅಂತಾರಾಷ್ಟ್ರೀಯ ಕ್ರೀಡಾಕೂಟಕ್ಕೆ ಯಾವ ದೇಶವೂ ತನ್ನ ಎಲ್ಲ ತಂಡಗಳನ್ನು ಕಳುಹಿಸುವುದಿಲ್ಲ. ತರಬೇತಿ, ಪ್ರಯಾಣ, ವಸತಿಗೆ ಸಾರ್ವಜನಿಕ ಹಣ ಖರ್ಚಾಗುತ್ತದೆ. ಹಾಗಾಗಿ ಒಂದು ನಿಯಮ ಬೇಕು. ಆ ನಿಯಮ ನ್ಯಾಯವಾದದ್ದೇ ಎಂದು ನೋಡುವುದು ಹೇಗೆ? ಪ್ರೌಢಶಾಲೆಯ ಸಂಖ್ಯಾಶಾಸ್ತ್ರದ ಪಾಠಕ್ಕೆ ಇದು ಒಳ್ಳೆಯ ಪ್ರಶ್ನೆ.

ಒಂದು ನೈಜ ಉದಾಹರಣೆ

2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟಕ್ಕೆ ಭಾರತದ ಫುಟ್‌ಬಾಲ್ ತಂಡ ಹೋಗಲಿಲ್ಲ. ಏಷ್ಯಾದ ಮೊದಲ 8 ಸ್ಥಾನಗಳೊಳಗೆ ಇರುವ ತಂಡಗಳನ್ನು ಮಾತ್ರ ಕಳುಹಿಸುವುದಾಗಿ ಭಾರತೀಯ ಒಲಿಂಪಿಕ್ ಸಂಸ್ಥೆ ಹೇಳಿತು. ಆಗ ಪುರುಷರ ತಂಡ 14ನೇ ಸ್ಥಾನದಲ್ಲಿತ್ತು. ಹಾಂಗ್‌ಝೌ ಕೂಟ 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು. ಅದೇ ವರ್ಷದ ಜುಲೈನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯವೂ ಇದೇ 8ರ ಮಿತಿಯನ್ನು ಮುಂದಿಟ್ಟಿತು. ಮತ್ತೆ ಫುಟ್‌ಬಾಲ್ ತಂಡಗಳು ಹೊರಗುಳಿಯುವ ಸ್ಥಿತಿ ಬಂತು. ತರಬೇತುದಾರ ಇಗೋರ್ ಸ್ಟಿಮಾಚ್ ಬಹಿರಂಗವಾಗಿ ಮನವಿ ಮಾಡಿದರು. ತಿಂಗಳ ಕೊನೆಯಲ್ಲಿ ಸಚಿವಾಲಯ ನಿಯಮ ಸಡಿಲಿಸಿ ಪುರುಷರ ಮತ್ತು ಮಹಿಳೆಯರ ತಂಡಗಳಿಗೆ ಅವಕಾಶ ಕೊಟ್ಟಿತು.

ಕೇಳಬೇಕಾದ ಮೂರು ಪ್ರಶ್ನೆಗಳು

ಒಂದು, ನಿಯಮ ಸಾಕಷ್ಟು ಮುಂಚೆ ತಿಳಿದಿತ್ತೇ? ಕೂಟಕ್ಕೆ ಎರಡು ತಿಂಗಳಿರುವಾಗ ಮಿತಿ ಗೊತ್ತಾದರೆ, ಪಂದ್ಯಗಳನ್ನಾಡಿ ಸ್ಥಾನ ಸುಧಾರಿಸಿಕೊಳ್ಳಲು ತಂಡಕ್ಕೆ ಸಮಯವಿರುವುದಿಲ್ಲ.

ಎರಡು, ಅಳೆಯಬೇಕಾದುದನ್ನೇ ಅಳೆಯುತ್ತಿದ್ದೇವೆಯೇ? ಮುಖ್ಯ ತೊಡಕು ಇಲ್ಲಿದೆ. ಫಿಫಾ ಶ್ರೇಯಾಂಕ ಹಿರಿಯರ ರಾಷ್ಟ್ರೀಯ ತಂಡದ ಪಂದ್ಯಗಳಿಂದ ಬರುತ್ತದೆ. ಏಷ್ಯನ್ ಕ್ರೀಡಾಕೂಟದ ಪುರುಷರ ಫುಟ್‌ಬಾಲ್ ಸಾಮಾನ್ಯವಾಗಿ 23 ವರ್ಷದೊಳಗಿನವರದು. ವಯೋಮಿತಿ ಮೀರಿದ ಮೂವರಿಗೆ ಮಾತ್ರ ಅವಕಾಶ. ಕೂಟ ಒಂದು ವರ್ಷ ಮುಂದೆ ಹೋದ್ದರಿಂದ ಹಾಂಗ್‌ಝೌನಲ್ಲಿ ಈ ಮಿತಿ 24 ಆಯಿತು. ಅಂದರೆ ಒಂದು ತಂಡದ ಅಂಕ ನೋಡಿ ಇನ್ನೊಂದು ತಂಡದ ಭವಿಷ್ಯ ನಿರ್ಧರಿಸಿದಂತೆ. ಮೌಲ್ಯಮಾಪನದಲ್ಲಿ ನಾವು ಓದುವ ಸಪ್ರಮಾಣತೆಯ ಪ್ರಶ್ನೆ ಇದೇ. ವಯೋಮಿತಿಯ ಅಂಚಿನಲ್ಲಿರುವ ಆಟಗಾರನಿಗೆ ಈ ಅವಕಾಶ ತಪ್ಪಿದರೆ ಮತ್ತೆ ಸಿಗುವುದು ಕಷ್ಟ.

ಮೂರು, ವಿನಾಯಿತಿಗೂ ನಿಯಮವಿದೆಯೇ? ಸಕಾರಣವಿದ್ದರೆ ಮಿತಿ ಸಡಿಲಿಸಬಹುದು ಎಂದಷ್ಟೇ ಹೇಳಿದರೆ ಸಾಲದು. ಸಕಾರಣ ಯಾವುದು ಎಂಬುದೂ ಮೊದಲೇ ಗೊತ್ತಿರಬೇಕು. ಇಲ್ಲವಾದರೆ ಜನಪ್ರಿಯ ಆಟದ ದನಿ ಕೇಳಿಸುತ್ತದೆ, ಸಣ್ಣ ಆಟದ್ದು ಕೇಳಿಸುವುದಿಲ್ಲ.

ತರಗತಿಯ ಚಟುವಟಿಕೆ

ಈ ಕಾಲ್ಪನಿಕ ಅಂಕಿಗಳನ್ನು ಬಳಸಬಹುದು:

ಅ ತಂಡ: 10 ಪಂದ್ಯ, 7 ಗೆಲುವು
ಆ ತಂಡ: 5 ಪಂದ್ಯ, 4 ಗೆಲುವು
ಇ ತಂಡ: 6 ಪಂದ್ಯ, 3 ಗೆಲುವು; ಮೂರೂ ಕೊನೆಯ ಮೂರು ಪಂದ್ಯಗಳಲ್ಲಿ
(ಅ ಮತ್ತು ಆ ತಂಡಗಳು ತಮ್ಮ ಕೊನೆಯ ಪಂದ್ಯ ಸೋತಿವೆ.)

ಗೆಲುವಿನ ಸಂಖ್ಯೆ ನೋಡಿದರೆ ಅ ತಂಡ. ಶೇಕಡಾವಾರು ನೋಡಿದರೆ ಆ ತಂಡ (ಶೇ. 80, ಅ ತಂಡದ್ದು ಶೇ. 70). ಇತ್ತೀಚಿನ ಆಟ ನೋಡಿದರೆ ಇ ತಂಡ. ಅಂಕಿಗಳು ಅವೇ, ನಿಯಮ ಬದಲಾದಂತೆ ಆಯ್ಕೆ ಬದಲಾಯಿತು.

ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆಯುವ ಮೊದಲೇ ಪ್ರತಿ ಗುಂಪೂ ತನ್ನ ನಿಯಮವನ್ನು ಕಾರಣಸಹಿತ ಬರೆದುಕೊಡಲಿ. ಪಟ್ಟಿ ನೋಡಿದ ಮೇಲೆ ನಿಯಮ ಬದಲಿಸಬೇಕೆನಿಸಿದರೆ ಏಕೆಂದು ಹೇಳಲಿ. ‘ನಮ್ಮ ತಂಡ ಬರಲಿಲ್ಲ’ ಎಂಬುದು ಕಾರಣವೋ, ‘5 ಪಂದ್ಯಗಳಿಂದ ತೀರ್ಮಾನಿಸಲಾಗದು’ ಎಂಬುದು ಕಾರಣವೋ ಎಂದು ಮಕ್ಕಳೇ ಚರ್ಚಿಸಲಿ.

ಒಂದು ಎಚ್ಚರಿಕೆ

ಫಲಿತಾಂಶದಿಂದ ನಿಯಮವನ್ನು ಅಳೆಯಬಾರದು. ಹಾಂಗ್‌ಝೌನಲ್ಲಿ ಪುರುಷರ ತಂಡ 16ರ ಘಟ್ಟ ತಲುಪಿ ಸೌದಿ ಅರೇಬಿಯಾಗೆ 0–2ರಿಂದ ಸೋತಿತು. ಮಹಿಳೆಯರ ತಂಡ ಗುಂಪಿನ ಎರಡೂ ಪಂದ್ಯ ಸೋತಿತು. ‘ಕಳುಹಿಸಿದ್ದು ಸರಿ’ ಎನ್ನುವವರಿಗೂ ‘ತಪ್ಪು’ ಎನ್ನುವವರಿಗೂ ಇದರಲ್ಲಿ ಆಧಾರ ಸಿಗುತ್ತದೆ. ಆಯ್ಕೆ ಮಾಡುವ ದಿನ ಏನು ತಿಳಿದಿತ್ತೋ ಅದರ ಮೇಲೆಯೇ ನಿಯಮದ ನ್ಯಾಯವನ್ನು ತೂಗಬೇಕು. ಉತ್ತರಪತ್ರಿಕೆ ಕೈಗೆ ಬರುವ ಮೊದಲೇ ಅಂಕ ಹಂಚಿಕೆಯನ್ನು ಬರೆದಿಡಬೇಕು ಎಂದು ನಮಗೆ ಕಲಿಸುವುದೂ ಇದೇ ಕಾರಣಕ್ಕೆ.