ಮೊಬೈಲ್‌ನಲ್ಲಿ ಬಿಯರ್ ರೆಸಿಪಿ: ಆ್ಯಪ್ ಲೆಕ್ಕ ಹೇಳುತ್ತೆ, ಅಬಕಾರಿ ಕಾಯ್ದೆ ಹೇಳಲ್ಲ

ಪ್ಲೇ ಸ್ಟೋರ್‌ನಲ್ಲಿ ಹುಡುಕಿದ್ರೆ ಬ್ರೂಫಾದರ್, ಬಿಯರ್‌ಸ್ಮಿತ್ ಅಂತ ಆ್ಯಪ್‌ಗಳು ಸಿಗುತ್ತವೆ. ಮನೆಯಲ್ಲೇ ಬಿಯರ್ ಮಾಡುವವರಿಗೆ ರೆಸಿಪಿ ಲೆಕ್ಕ ಹಾಕಿಕೊಡೋದು ಇವುಗಳ ಕೆಲಸ. ಡೌನ್‌ಲೋಡ್ ಮಾಡಿಕೊಂಡು ನೋಡೋದಕ್ಕೆ ಅಡ್ಡಿ ಇಲ್ಲ. ಅದನ್ನೇ ನೋಡಿಕೊಂಡು ನಮ್ಮ ರಾಜ್ಯದಲ್ಲಿ ಒಲೆ ಹಚ್ಚಿದರೆ ಮಾತ್ರ ಕೇಸ್ ಆಗುತ್ತೆ.

ಮೊದಲು ಆ್ಯಪ್ ಏನು ಮಾಡುತ್ತೆ ನೋಡೋಣ. ಬಿಯರ್‌ಗೆ ಬೇಕಾದ್ದು ನಾಲ್ಕೇ: ನೀರು, ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಕಹಿ ಕೊಡುವ ಹಾಪ್ಸ್ ಹೂವು, ಯೀಸ್ಟ್. 20 ಲೀಟರ್‌ಗೆ ನಾಲ್ಕೂವರೆ ಕೆಜಿ ಮಾಲ್ಟ್ ಅಂತ ಹಾಕಿದ್ರೆ, ಕುದಿಸಿದ ರಸದ ಸಾಂದ್ರತೆ ಸುಮಾರು 1.048 ಬರುತ್ತೆ ಅಂತ ಆ್ಯಪ್ ತೋರಿಸುತ್ತೆ. ನೀರಿನದ್ದು 1.000. ಹಾಲಿನ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಡ್ತಾರಲ್ಲ, ಅದೇ ತರಹದ ಹೈಡ್ರೋಮೀಟರ್‌ನಲ್ಲಿ ಇದನ್ನು ಅಳೆಯೋದು. ಯೀಸ್ಟ್ ಸಕ್ಕರೆ ತಿಂದು ಮುಗಿಸಿದ ಮೇಲೆ ಸಾಂದ್ರತೆ 1.012ಕ್ಕೆ ಇಳಿಯಿತು ಅಂದುಕೊಳ್ಳಿ. ವ್ಯತ್ಯಾಸ 0.036. ಇದನ್ನು 131.25ರಿಂದ ಗುಣಿಸಿದರೆ 4.7. ಅಷ್ಟು ಶೇಕಡಾ ಆಲ್ಕೋಹಾಲ್.

ಕಹಿಗೂ ಲೆಕ್ಕ ಇದೆ. 30 ಗ್ರಾಂ ಸಾಧಾರಣ ಹಾಪ್ಸ್ ಒಂದು ಗಂಟೆ ಕುದ್ದರೆ ಕಹಿ ಅಂಕ ಸುಮಾರು 21, ಅದೇ ಹೂವು ಹತ್ತೇ ನಿಮಿಷ ಕುದ್ದರೆ 8ರ ಆಸುಪಾಸು. ಕೈಯಲ್ಲಿ ಈ ಲೆಕ್ಕ ಹಾಕೋದು ತಲೆನೋವು, ಹಾಗಾಗಿ ಆ್ಯಪ್.

ಇವು ಹುಟ್ಟಿದ್ದು ಮನೆ ಬಿಯರ್‌ಗೆ ಕಾನೂನೇ ಜಾಗ ಕೊಟ್ಟ ದೇಶಗಳ ಜನರಿಗಾಗಿ. ಬ್ರಿಟನ್‌ನಲ್ಲಿ 1963ರಲ್ಲೇ ಲೈಸೆನ್ಸ್ ತೆಗೆದರು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಒಬ್ಬ ವಯಸ್ಕ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್ ತೆರಿಗೆ ಇಲ್ಲದೆ ಮಾಡಬಹುದು. ಮಾರುವಂತಿಲ್ಲ. ಅಲ್ಲೂ ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ.

ನಮ್ಮಲ್ಲಿ ಮದ್ಯ ರಾಜ್ಯಗಳ ವಿಷಯ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಬಿಯರ್ ಕೂಡ ಅದರಲ್ಲೇ ಬರುತ್ತೆ. ತಯಾರಿಕೆಗೆಂದು ಪಾತ್ರೆ, ಸಲಕರಣೆ ಇಟ್ಟುಕೊಳ್ಳೋದೂ ತಪ್ಪೇ. ಜೈಲು, ದಂಡ ಎರಡಕ್ಕೂ ಅವಕಾಶ ಇದೆ. 'ಮಾರಲ್ಲ ಸಾರ್, ನಾವೇ ಕುಡಿಯೋಕೆ' ಅನ್ನೋದು ನಡೆಯಲ್ಲ. ಬೆಂಗಳೂರಿನ ಮೈಕ್ರೋಬ್ರೂವರಿಗಳು ಕಣ್ಣೆದುರೇ ಬಿಯರ್ ಮಾಡ್ತಾವಲ್ಲ ಅಂತ ಕೇಳಬಹುದು. ಅವರ ಹತ್ತಿರ ಲೈಸೆನ್ಸ್ ಇದೆ.

ಪೊಲೀಸ್ ಭಯ ಒಂದು ಕಡೆ, ಬಾಟಲಿ ಭಯ ಇನ್ನೊಂದು ಕಡೆ. ನೊರೆ ಬರಲಿ ಅಂತ ಬಾಟಲಿ ತುಂಬುವಾಗ ಲೀಟರ್‌ಗೆ ಸುಮಾರು 6 ಗ್ರಾಂ ಸಕ್ಕರೆ ಸೇರಿಸ್ತಾರೆ. ಆ ಲೆಕ್ಕವನ್ನೂ ಆ್ಯಪ್ ಕೊಡುತ್ತೆ. ಆದರೆ ಒಳಗೆ ಹುಳಿಯೋದು ನಿಜವಾಗಿಯೂ ನಿಂತಿದೆಯಾ ಅಂತ ಅದಕ್ಕೆ ಕಾಣಲ್ಲ, ಹೈಡ್ರೋಮೀಟರ್ ನೋಡಿ ನಾವೇ ಹೇಳಬೇಕು. ದೋಸೆ ಹಿಟ್ಟು ಉಕ್ಕಿದರೆ ಪಾತ್ರೆಯಿಂದ ಹೊರಗೆ ಚೆಲ್ಲುತ್ತೆ, ಅಷ್ಟೇ. ಬಿಗಿಯಾಗಿ ಮುಚ್ಚಿದ ಗಾಜಿನ ಬಾಟಲಿಯೊಳಗೆ ಗ್ಯಾಸ್ ತುಂಬಿದರೆ ಅದು ಒಡೆಯುತ್ತೆ, ಚೂರು ಮುಖಕ್ಕೇ ಸಿಡಿಯುತ್ತೆ.