ದೇವಮಾಂಸವೆನಿಸಿದ ನಾಯಿಕೊಡೆ

ಮಳೆಗಾಲದಲ್ಲಿ ತಿಪ್ಪೆಯ ಬಳಿಯಲ್ಲೋ ಕೊಳೆತ ಮರದ ಬುಡದಲ್ಲೋ ತಲೆಯೆತ್ತುವ ಅಣಬೆಗೆ ನಮ್ಮವರು ‘ನಾಯಿಕೊಡೆ’ ಎಂದು ಹೆಸರಿಟ್ಟರು. ಹೆಸರಿನಲ್ಲಿಯೇ ತಾತ್ಸಾರವಿದೆ. ಮೆಕ್ಸಿಕೋ ದೇಶದ ಪ್ರಾಚೀನರಾದರೋ ಕೆಲವು ಪುಟ್ಟ ಅಣಬೆಗಳನ್ನು ‘ತೆಯೊನಾನಾಕಾತ್ಲ್’ ಎಂದು ಕರೆದರು. ‘ದೇವಮಾಂಸ’ವೆಂದು ಅದಕ್ಕೆ ಅರ್ಥ ಹೇಳುವುದು ವಾಡಿಕೆ. ಸಿಲೊಸೈಬೆ ಮೆಕ್ಸಿಕಾನಾ ಎಂಬುದು ಈ ಗುಂಪಿಗೆ ಸೇರಿದ ಅಣಬೆ.

ನೋಟಕ್ಕೆ ಅದರಲ್ಲಿ ಯಾವ ವೈಭವವೂ ಇಲ್ಲ. ಗಂಟೆಯಾಕಾರದ ಕಂದು ಟೋಪಿ. ಅಗಲ ಹೆಚ್ಚೆಂದರೆ ೩ ಸೆಂಟಿಮೀಟರು. ಕೆಳಗೆ ನೂಲಿನಂತೆ ಬಳುಕುವ ಕಾಂಡ. ಮಳೆಯ ತಿಂಗಳುಗಳಲ್ಲಿ ತೇವದ ಹುಲ್ಲುಗಾವಲಿನಲ್ಲಿ, ಹಾದಿಬದಿಯ ಪಾಚಿಯ ನಡುವೆ ಅದು ಹುಟ್ಟುತ್ತದೆ. ಹಿಚುಕಿದರೆ ನೀಲಿಗಟ್ಟುವುದು ಅದರ ಲಕ್ಷಣ. ಆದರೆ ಇದೊಂದನ್ನೇ ನಂಬಿ ಕೈಚಾಚುವವರು ಯಮನ ಬಾಗಿಲನ್ನು ತಟ್ಟಿದಂತೆಯೇ. ಯಕೃತ್ತನ್ನು ನಾಶಮಾಡುವ ಕಂದು ಅಣಬೆಗಳೂ ಲೋಕದಲ್ಲಿ ಉಂಟು.

ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಪಾದ್ರಿ ಸಹಾಗುನ್, ಅಲ್ಲಿಯ ಜನರು ಈ ಅಣಬೆಗಳನ್ನು ಜೇನಿನೊಡನೆ ತಿಂದು ಕೆಲವರು ಕುಣಿದುದನ್ನೂ ಕೆಲವರು ಅತ್ತುದನ್ನೂ ಬರೆದಿಟ್ಟನು. ಪಾದ್ರಿಗಳ ಕಣ್ಣಿಗೆ ಇದು ಸೈತಾನನ ಕೃತ್ಯವಾಗಿ ಕಂಡಿತು. ಆಚರಣೆಯು ಬೆಟ್ಟಗಳೊಳಗೆ ಅಡಗಿತು. ಎಷ್ಟರಮಟ್ಟಿಗೆಂದರೆ, ೧೯೧೫ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಸ್ಯಾಫರ್ಡ್, ಇಂತಹ ಅಣಬೆಯೇ ಇಲ್ಲ, ಅದು ಒಣಗಿದ ಕಳ್ಳಿಯ ತುಣುಕು ಎಂದು ವಾದಿಸಿದನು! ವಿದ್ವಾಂಸರ ‘ಇಲ್ಲ’ಗಳಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ವಾಚಕರೇ ಊಹಿಸಲಿ.

ಅಣಬೆಯನ್ನು ಹೊರಲೋಕಕ್ಕೆ ತಂದವನು ಗಾರ್ಡನ್ ವಾಸನ್, ನ್ಯೂಯಾರ್ಕಿನ ಬ್ಯಾಂಕಿನ ಅಧಿಕಾರಿ. ಅವನ ಪತ್ನಿ ವ್ಯಾಲೆಂಟೀನಾ ರಷ್ಯದವಳು, ಮಕ್ಕಳ ವೈದ್ಯೆ. ೧೯೨೭ರಲ್ಲಿ, ಹೊಸದಾಗಿ ಮದುವೆಯಾದ ದಂಪತಿಗಳು ಕಾಡಿನಲ್ಲಿ ತಿರುಗಾಡುತ್ತಿದ್ದಾಗ ಅವಳು ಅಣಬೆಗಳನ್ನು ಕಂಡು ಹಿಗ್ಗಿ ಆಯತೊಡಗಿದಳು; ಅವನು ಹೇಸಿದನು. ಒಂದೇ ವಸ್ತುವಿಗೆ ಒಂದು ನಾಡಿನಲ್ಲಿ ಒಲವು, ಇನ್ನೊಂದರಲ್ಲಿ ಹೇಸಿಗೆ ಏಕೆ? ಈ ಪ್ರಶ್ನೆಯೇ ದಂಪತಿಗಳ ಜೀವಿತದ ಶೋಧವಾಯಿತು. ೧೯೫೫ರ ಜೂನ್ ೨೯ರ ರಾತ್ರಿ ವಾಸನ್ ಓಹಾಕ ಪ್ರಾಂತದ ಹುವಾಟ್ಲಾ ಎಂಬ ಬೆಟ್ಟದ ಊರಿನಲ್ಲಿ ಮರಿಯಾ ಸಬೀನಾ ಎಂಬ ಮಜಟೆಕ್ ಜನಾಂಗದ ವೈದ್ಯೆಯ ಮುಂದೆ ಕುಳಿತಿದ್ದನು. ಕತ್ತಲಲ್ಲಿ ಅವಳು ಹಾಡಿದಳು. ಅಣಬೆಗಳನ್ನು ಜೋಡಿ ಜೋಡಿಯಾಗಿ ಹಂಚಿದಳು. ಅವುಗಳನ್ನು ಅವಳು ‘ಪವಿತ್ರ ಮಕ್ಕಳು’ ಎನ್ನುತ್ತಿದ್ದಳು. ಬಾಲ್ಯದಲ್ಲಿ ಹಸಿವು ತಾಳಲಾರದೆ ತಂಗಿಯೊಡನೆ ಅವುಗಳನ್ನು ತಿಂದಿದ್ದವಳು ಆಕೆ.

೧೯೫೭ರ ಮೇ ತಿಂಗಳಲ್ಲಿ ‘ಲೈಫ್’ ಪತ್ರಿಕೆಯಲ್ಲಿ ವಾಸನ್‌ನ ಲೇಖನ ಚಿತ್ರಸಹಿತ ಪ್ರಕಟವಾಯಿತು. ಅತ್ತ ಸ್ವಿಟ್ಜರ್‌ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ಮೆಕ್ಸಿಕಾನಾದ ೩೨ ಒಣ ಅಣಬೆಗಳನ್ನು ತಾನೇ ತಿಂದು ಪರೀಕ್ಷಿಸಿದನು. ಬಳಿಯಲ್ಲಿದ್ದ ವೈದ್ಯನು ಆಜ್ಟೆಕ್ ಪುರೋಹಿತನಾಗಿ ಕಂಡನಂತೆ! ೧೯೫೮ರಲ್ಲಿ ಆತನು ಬೇರ್ಪಡಿಸಿದ ಸತ್ವವೇ ಸಿಲೊಸೈಬಿನ್. ಅದು ದೇಹದಲ್ಲಿ ಸಿಲೊಸಿನ್ ಆಗಿ ಮಾರ್ಪಟ್ಟು, ಮಿದುಳಿನಲ್ಲಿ ಸೆರೊಟೋನಿನ್ ಎಂಬ ಸಹಜ ದ್ರವ್ಯವು ಕೂಡುವ ತಾಣಗಳನ್ನು ಹಿಡಿಯುತ್ತದೆ. ಬಣ್ಣಗಳು ಉಕ್ಕುತ್ತವೆ, ಕಾಲದ ಎಣಿಕೆ ತಪ್ಪುತ್ತದೆ. ಕೆಲವರಿಗೆ ಭಯಂಕರ ದಿಗಿಲೂ ಹಿಡಿಯುತ್ತದೆ. ನಮ್ಮ ದೇಶದಲ್ಲಿ ೧೯೮೫ರ ಮಾದಕದ್ರವ್ಯ ಕಾಯಿದೆಯಂತೆ ಅದು ನಿಷಿದ್ಧ. ಆದರೆ ಬೇರೆ ಮದ್ದಿಗೆ ಬಗ್ಗದ ಖಿನ್ನತೆಗೆ ಮನೋವೈದ್ಯರು ಅದನ್ನು ಕೊಡಬಹುದೆಂದು ಆಸ್ಟ್ರೇಲಿಯವು ೨೦೨೩ರಲ್ಲಿ ಅನುಮತಿಯಿತ್ತಿತು.

೧೯೬೨ರಲ್ಲಿ ಹಾಫ್‌ಮನ್ ತನ್ನ ಗುಳಿಗೆಗಳೊಡನೆ ಹುವಾಟ್ಲಾಕ್ಕೆ ಹೋದನು. ಮರಿಯಾ ಸಬೀನಾ ನುಂಗಿ ನೋಡಿ, ಗುಳಿಗೆಗೂ ಅಣಬೆಯ ಶಕ್ತಿಯೇ ಇದೆಯೆಂದು ಒಪ್ಪಿದಳು. ಇನ್ನು ಅಣಬೆಯಿಲ್ಲದ ತಿಂಗಳುಗಳಲ್ಲಿಯೂ ರೋಗಿಗಳನ್ನು ನೋಡಬಹುದೆಂದು ಆಕೆಗೆ ಸಂತೋಷ.

ಆ ಸಂತೋಷ ಬಹುಕಾಲ ಉಳಿಯಲಿಲ್ಲ. ವಾಸನ್ ಲೇಖನದಲ್ಲಿ ಆಕೆಯ ಹೆಸರನ್ನು ಬದಲಿಸಿದ್ದರೂ ಗುಟ್ಟು ನಿಲ್ಲಲಿಲ್ಲ. ಅರುವತ್ತರ ದಶಕದಲ್ಲಿ ಪರದೇಶದ ತರುಣರು ಹಿಂಡುಹಿಂಡಾಗಿ ಊರನ್ನು ಹೊಕ್ಕರು. ಪೊಲೀಸರು ಬಂದರು, ಊರವರು ಮುನಿದರು, ಆಕೆಯ ಮನೆ ಸುಟ್ಟುಹೋಯಿತು. ವಾಸನ್‌ಗಿಂತ ಮೊದಲು ರೋಗಿಗಳಿಗಾಗಿ ಮಾತ್ರವೇ ಅಣಬೆಯನ್ನು ಸೇವಿಸುತ್ತಿದ್ದೆವು, ಪರಕೀಯರು ಕೇವಲ ದೇವರನ್ನು ನೋಡಲು ತಿಂದರು, ಅಂದಿನಿಂದ ಪವಿತ್ರ ಮಕ್ಕಳ ಬಲವೇ ಉಡುಗಿತು ಎಂಬ ಅರ್ಥದ ಮಾತುಗಳನ್ನು ಆಕೆ ಮುಪ್ಪಿನಲ್ಲಿ, ತನ್ನ ಜೀವನಚರಿತ್ರೆಯನ್ನು ಬರೆದುಕೊಂಡ ಸ್ವಜನಾಂಗದ ಲೇಖಕನಿಗೆ ಹೇಳಿದಳು. ೧೯೮೫ರ ನವೆಂಬರಿನಲ್ಲಿ, ಬಡತನದಲ್ಲಿಯೇ, ಆಕೆ ತೀರಿಕೊಂಡಳು.